ಗುಂಡಿ ತೋಡುವವನ ಹೆಸರು

ಹಿಲ್ಡೆಸ್‌ಹೈಮ್
12 ಜನವರಿ 1970

ಪ್ರೀತಿಯ ತಂಗಿ ರೊಜಾಲ್ಕಾ,

ಕ್ರಿಸ್‌ಮಸ್ ಪೊಟ್ಟಣ ತಲುಪಿದ್ದು ನಿನ್ನ ಕಾರ್ಡಿನಿಂದ ತಿಳಿಯಿತು. ಎರಡು ಡಬ್ಬಿ ಕಾಫಿ ಇಟ್ಟಿದ್ದೆ, ನಿನಗೆ ಒಂದೇ ಸಿಕ್ಕಿತು ಎಂದಿದ್ದೀಯ. ಇನ್ನೊಂದನ್ನು ಯಾರು ಕುಡಿದರೆಂದು ನಾನು ಬರೆಯುವುದಿಲ್ಲ. ಕುಡಿದವರೇ ಈ ಕಾಗದವನ್ನೂ ಓದುತ್ತಿರಬಹುದು.

ಈಗ ಮುಖ್ಯ ವಿಷಯ. ನಮ್ಮ ರೋಸ್ನಿಟ್ಸ್ ಜಿಲ್ಲೆಯ ಇತಿಹಾಸ ಬರೆಯುವ ಹೊಣೆಯನ್ನು ಇಲ್ಲಿರುವ ನಮ್ಮೂರ ಕಡೆಯವರ ಸಮಿತಿ ನನಗೆ ಒಪ್ಪಿಸಿದೆ. ಜಿಲ್ಲಾ ಕಚೇರಿಯಲ್ಲಿ ಹದಿನೈದು ವರ್ಷ ಗುಮಾಸ್ತಿಕೆ ಮಾಡಿ ಇನ್ನೂ ಉಸಿರಾಡುತ್ತಿರುವವನು ನಾನೊಬ್ಬನೇ, ಹಾಗಾಗಿ. 1743ರಲ್ಲಿ ಪ್ರಷ್ಯದ ದೊರೆಯ ಅಪ್ಪಣೆಯಿಂದ ಹುಟ್ಟಿದ ಜಿಲ್ಲೆ, 1945ರ ಜನವರಿಯಲ್ಲಿ ರಷ್ಯದ ಸೈನ್ಯ ನುಗ್ಗಿ ಒಂದೇ ವಾರದಲ್ಲಿ ಸತ್ತಿತು, ನೆಲ ಪೋಲೆಂಡಿಗೆ ಹೋಯಿತು. ಗಡಿಗಳು, ಊರುಗಳು, ಬೀಟ್‌ರೂಟ್ ಬೆಳೆ, ಸಣ್ಣ ರೈಲು ದಾರಿ, ಶಾಲೆಗಳು, ಎಲ್ಲಕ್ಕೂ ಒಂದೊಂದು ಅಧ್ಯಾಯ ಮಾಡಿದ್ದೇನೆ. ಏಳನೆಯದು 1921ರ ಜನಮತದ್ದು, ಜರ್ಮನಿಗೋ ಪೋಲೆಂಡಿಗೋ ಎಂದು ನಮ್ಮನ್ನು ಕೇಳಿದ್ದು. ನಮ್ಮ ಗ್ರಬಿನಾದ ಲೆಕ್ಕ ನನಗೆ ಬಾಯಿಪಾಠ: ಜರ್ಮನಿಗೆ 231, ಪೋಲೆಂಡಿಗೆ 224, ಅಸಿಂಧು 1. ಆ ಒಂದು ನೆನಪಿದೆಯೇ? ಎಣಿಸುವಾಗ ಲಕೋಟೆ ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ. "ಯಾವ ಕತ್ತೆಯೋ ನಮಗೆ ಗಾಳಿ ಕೊಟ್ಟು ಹೋಗಿದೆ" ಎಂದು ಶಾಲೆಯ ಮೇಷ್ಟ್ರು ನಕ್ಕಿದ್ದು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಕುರಿಗಾಹಿ ಕುಲಿಕ್ ಅಂದು ಬೆಳಿಗ್ಗೆಯೇ ಕುಡಿದಿದ್ದ, ಅದು ಅವನದೇ ಎಂದು ಎಲ್ಲರೂ ತೀರ್ಮಾನಿಸಿದರು. ಸಾಯುವ ತನಕ ಅವನ ಹೆಸರು 'ಖಾಲಿ ಲಕೋಟೆ' ಎಂದೇ ಆಯಿತು. ಇಂಥ ತಮಾಷೆಯೂ ಪುಸ್ತಕದಲ್ಲಿ ಇರಲಿ ಎಂದುಕೊಂಡಿದ್ದೇನೆ.

ಕೊನೆಯ ಅಧ್ಯಾಯ ಗೌರವ ಪಟ್ಟಿ. ಜರ್ಮನಿಗೆ ನಿಷ್ಠರಾಗಿದ್ದು ತೀರಿಕೊಂಡ ನಮ್ಮ ಜಿಲ್ಲೆಯವರ ಹೆಸರುಗಳು. ಅಲ್ಲಿ ಅಪ್ಪನ ಹೆಸರನ್ನೂ ಹಾಕುತ್ತಿದ್ದೇನೆ: ವಾಲೆಂಟಿನ್ ಕಂಜೋರ, ಗ್ರಬಿನಾ ಚರ್ಚಿನ ಗಂಟೆಯವನು ಮತ್ತು ಸತ್ತವರಿಗೆ ಗುಂಡಿ ತೋಡುವವನು, 1886–1945. ಅವನು 1921ರಲ್ಲಿ ಜರ್ಮನಿಗೆ ಮತ ಹಾಕಿದ್ದಕ್ಕೆ ನನ್ನ ಹತ್ತಿರ ಪುರಾವೆಯೇ ಇದೆ. ಚರ್ಚಿನ ಒಂದು ಫೋಟೋ, ಅಪ್ಪನ ಗೋರಿಯ ಒಂದು ಫೋಟೋ ಕಳಿಸು.

ನಿನ್ನ ಅಣ್ಣ
ಎವಾಲ್ಡ್


ಗ್ರಬಿನಾ
8 ಫೆಬ್ರವರಿ 1970

ಎವಾಲ್ಡಣ್ಣನಿಗೆ,

ನಿನ್ನ ಕಾಗದ ಬಂತು, ತಡವಾಗಿ ಬಂತು. ವಿಳಾಸದಲ್ಲಿ 'ರೋಸ್ನಿಟ್ಸ್ ಜಿಲ್ಲೆ' ಎಂದು ಬರೆದಿದ್ದೀಯಲ್ಲ, ಅಂಥ ಜಿಲ್ಲೆಯೇ ಇಲ್ಲ ಎಂದು ಟಪಾಲಿನವರು ಎರಡು ವಾರ ಇಟ್ಟುಕೊಂಡಿದ್ದರು. ಪೋಸ್ಟಿನ ಹುಡುಗಿ ಕೊಡುವಾಗ ಹೇಳಿದಳು: "ನಿಮ್ಮ ಅಣ್ಣ ಸತ್ತೋರ ಮನೆ ಬಾಗಿಲು ತಟ್ತಿದಾರೆ ಕಣಮ್ಮ." ರೋಸ್ನಿಟ್ಸ್‌ನ ಹೆಸರು ಈಗ ರೊಷ್ನಿತ್ಸೆ, ಅದೂ ಬರಿಯ ಪಟ್ಟಣ. ಜಿಲ್ಲೆಯನ್ನು ಪಕ್ಕದ್ದಕ್ಕೆ ಸೇರಿಸಿ ಆಗಲೇ ಎಷ್ಟೋ ವರ್ಷವಾಯಿತು. ನೀನು ಕೂತಿದ್ದ ಕಚೇರಿಯಲ್ಲಿ ಈಗ ಬಿತ್ತನೆ ಬೀಜದ ಉಗ್ರಾಣವಿದೆ. ಹೋದ ತಿಂಗಳು ಗಸಗಸೆ ತರಲು ಹೋಗಿದ್ದೆ. ನಿನ್ನ ಮೇಜಿದ್ದ ಜಾಗದಲ್ಲಿ ಒಂದು ಬೆಕ್ಕು ಮಲಗಿತ್ತು. ನೀನು ಮಾಡುತ್ತಿದ್ದಷ್ಟೇ ಕೆಲಸ ಅದೂ ಮಾಡುತ್ತಿದೆ.

1743ರಲ್ಲಿ ಜಿಲ್ಲೆ ಹುಟ್ಟಿತು ಎಂದು ಬರೆಯುತ್ತೀಯಂತೆ. ಬರಿ. ಚರ್ಚಿನ ಹಳೆಯ ಪುಸ್ತಕದಲ್ಲಿ ಅದಕ್ಕೆ ಅರವತ್ತು ವರ್ಷ ಮುಂಚೆಯೇ ಒಬ್ಬ ಕಂಜೋರ ಇಲ್ಲಿ ಗುಂಡಿ ತೋಡುತ್ತಿದ್ದಾನೆ. ದೊರೆಗಳು ಬರುವ ಮುಂಚೆಯೂ ಜನ ಸಾಯುತ್ತಿದ್ದರಲ್ಲ.

ಕುಲಿಕ್‌ನ ವಿಷಯ ಮರೆತಿಲ್ಲ. ಪ್ರತಿ ಈಸ್ಟರ್‌ಗೆ ಅಪ್ಪ ನನ್ನ ಕೈಯಲ್ಲಿ ಕೇಕಿನ ತಟ್ಟೆ ಕೊಟ್ಟು ಅವನ ಗುಡಿಸಿಲಿಗೆ ಓಡಿಸುತ್ತಿದ್ದ. ನಾಯಿಯ ವಾಸನೆ, ಹೆಂಡದ ವಾಸನೆ, ನಾನು ಮೂಗು ಹಿಡಿದುಕೊಂಡು ಹೋಗಿ ಬರುತ್ತಿದ್ದೆ. "ಅವನಿಗೇ ಯಾಕಪ್ಪಾ, ಊರಲ್ಲಿ ಬೇರೆ ಬಡವರಿಲ್ವಾ?" ಎಂದರೆ ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ಬಾಗಿಲು ತೋರಿಸುತ್ತಿದ್ದ. ಬೆಣ್ಣೆ ಹಚ್ಚಿದ ದೊಡ್ಡ ತುಂಡನ್ನೇ ಆರಿಸಿ ಕೊಡುತ್ತಿದ್ದ.

ಚರ್ಚಿನ ಫೋಟೋ ಕಳಿಸುತ್ತೇನೆ. ಆದರೆ ಅಣ್ಣ, ಒಂದೇ ಒಂದು ಮಾತು. ಅಪ್ಪನ ಹೆಸರನ್ನು ನಿನ್ನ ಪಟ್ಟಿಯಲ್ಲಿ ಹಾಕಬೇಡ. ಯಾಕೆ ಎಂದು ಕಾಗದದಲ್ಲಿ ಕೇಳಬೇಡ. ಬೇರೆ ಎಲ್ಲರ ಹೆಸರು ಹಾಕು, ಬೇಕಾದರೆ ನಮ್ಮ ಹಸುವಿನ ಹೆಸರೂ ಹಾಕು. ಅಪ್ಪನದು ಬೇಡ.

ರೊಜಾಲಿಯಾ


ಹಿಲ್ಡೆಸ್‌ಹೈಮ್
2 ಏಪ್ರಿಲ್ 1970

ಪ್ರೀತಿಯ ರೊಜಾಲಿಯಾ,

ನಿನ್ನ ಕಾಗದ ಓದಿ ಎರಡು ದಿನ ಊಟ ರುಚಿಸಲಿಲ್ಲ. ಬೆಕ್ಕಿನ ತಮಾಷೆಯನ್ನು ಸಹಿಸಿಕೊಂಡೆ. ಆದರೆ ಹೆತ್ತ ಅಪ್ಪನ ಹೆಸರು ಬೇಡ ಎಂದು ಮಗಳೇ ಬರೆಯುವುದೆಂದರೆ ಏನು? ಇದು ನಿನ್ನ ಮಾತಲ್ಲ ಎಂದು ನನಗೆ ಗೊತ್ತು. ಯಾರೋ ಪಕ್ಕದಲ್ಲಿ ಕೂತು ಬರೆಸಿದ್ದಾರೆ. ಇಲ್ಲವೇ ಇಪ್ಪತ್ತೈದು ವರ್ಷದ ಹೆದರಿಕೆ ನಿನ್ನ ಕೈ ಹಿಡಿದು ಬರೆಸಿದೆ. ಅಂಥ ಸ್ಥಿತಿಯಲ್ಲಿರುವವರ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದು ಎಂದು ಸಮಿತಿಯ ಅಧ್ಯಕ್ಷರೂ ಹೇಳಿದರು.

ಒಂದು ಯೋಚಿಸು. ಜಿಲ್ಲೆ ಹೋಯಿತು, ಊರಿನ ಹೆಸರುಗಳು ಹೋದವು, ಗೋರಿಗಳ ಮೇಲಿನ ಅಕ್ಷರಗಳನ್ನೂ ಕೆತ್ತಿ ತೆಗೆದರಂತೆ. ಇನ್ನು ನಮಗೆ ಉಳಿಯುವುದು ಪುಸ್ತಕವೊಂದೇ. ಅದರಲ್ಲಿ ಸಂಪಾದಕನ ತಂದೆಯ ಹೆಸರೇ ಇಲ್ಲದಿದ್ದರೆ ಜನ ಏನೆಂದುಕೊಳ್ಳುತ್ತಾರೆ? ಅಧ್ಯಕ್ಷರು ಈಗಾಗಲೇ ಒಮ್ಮೆ ಕೇಳಿದರು, ನಿಮ್ಮ ಮನೆಯಲ್ಲಿ ಪೋಲಿಷ್ ಮಾತಾಡುತ್ತಿದ್ದರಂತಲ್ಲ ಎಂದು. ನಮ್ಮ ಅಪ್ಪ ಆಡುತ್ತಿದ್ದದ್ದು ಈ ಕಡೆಯದೂ ಅಲ್ಲದ ಆ ಕಡೆಯದೂ ಅಲ್ಲದ ನಮ್ಮೂರ ಮಾತು ಎಂದು ಇವರಿಗೆ ಹೇಗೆ ತಿಳಿಸಲಿ? ಪುರಾವೆ ಇದೆಯೆಂದು ಹೇಳಿ ಬಾಯಿ ಮುಚ್ಚಿಸಿದೆ.

ಚರ್ಚಿನ ಫೋಟೋ ಬಂತು, ಚೆನ್ನಾಗಿದೆ. ಗೋರಿಯದು ಇನ್ನೂ ಬಂದಿಲ್ಲ. ಅಮ್ಮನ ಪಕ್ಕದಲ್ಲೇ ಇಟ್ಟಿದ್ದೀರಿ ತಾನೇ?

ಎವಾಲ್ಡ್


ಗ್ರಬಿನಾ
20 ಜೂನ್ 1970

ಅಣ್ಣ,

ಇದನ್ನು ಟಪಾಲಿಗೆ ಹಾಕಿಲ್ಲ. ಪಕ್ಕದ ಮನೆಯ ಎಡೆಲ್ಟ್ರಾಡ್‌ಗೆ ಕೊನೆಗೂ ನಿಮ್ಮ ಕಡೆ ಹೋಗಲು ಅನುಮತಿ ಸಿಕ್ಕಿತು. ಅವಳ ಕೋಟಿನ ಒಳಪದರಕ್ಕೆ ಹೊಲಿದು ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ಯಾರೂ ಪಕ್ಕದಲ್ಲಿ ಕೂತು ಬರೆಸಿಲ್ಲ. ಪಕ್ಕದಲ್ಲಿ ಕೂರುವವರು ಯಾರಿದ್ದಾರೆ ನನಗೆ?

ಗೋರಿಯ ಫೋಟೋ ಕೇಳುತ್ತಿದ್ದೀಯ. ಗೋರಿ ಇಲ್ಲ. 'ಅಪ್ಪ ಅಕ್ಟೋಬರ್‌ನಲ್ಲಿ ತೀರಿಕೊಂಡ' ಎಂದು ಅಂದು ಬರೆದಿದ್ದೆ, ಅಷ್ಟೇ ಬರೆದಿದ್ದೆ. ಮನೆಯಲ್ಲಿ, ಮಂಚದ ಮೇಲೆ, ಪಾದ್ರಿ ಪಕ್ಕದಲ್ಲಿದ್ದು ಸತ್ತ ಎಂದು ನೀನೇ ಸೇರಿಸಿಕೊಂಡೆ. ನಾನು ತಿದ್ದಲಿಲ್ಲ. 1945ರ ಆಗಸ್ಟಿನಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡ ಹೊಸ ಪೋಲಿಷ್ ಪೊಲೀಸಿನ ಮೂವರು ಬಂದರು. ಅವರು ಬಂದದ್ದು ಅಪ್ಪನಿಗಾಗಿ ಅಲ್ಲ. "ಜಿಲ್ಲಾ ಕಚೇರಿಯ ಕಾಂಡ್ಲರ್ ಎಲ್ಲಿ?" ಎಂದು ಕೇಳಿದರು. ಕಂಜೋರನ ಮಗ ಹೆಸರು ಬದಲಿಸಿ ಕಾಂಡ್ಲರ್ ಆದದ್ದು ಅವರ ಚೀಟಿಯಲ್ಲಿ ಬರೆದಿತ್ತು. ನೀನು ಜನವರಿಯಲ್ಲೇ ಕಚೇರಿಯ ಕಡತಗಳ ಜೊತೆ ಲಾರಿ ಹತ್ತಿದ್ದೆ. ಕಡತಗಳಿಗೆ ಜಾಗ ಇತ್ತು, ನಮಗೆ ಇರಲಿಲ್ಲ. ಇರಲಿ, ಆ ಮಾತು ಈಗ ಬೇಡ. ಮಗ ಸಿಗದಿದ್ದರೆ ಅಪ್ಪನೇ ಆಗಬಹುದು ಎಂದರು. ಅಪ್ಪ ಗಂಟೆಯ ಹಗ್ಗ ಹೊಸೆಯುತ್ತಾ ಕೂತಿದ್ದವನು ಎದ್ದ. "ರೊಜಾಲ್ಕಾ, ಹಗ್ಗ ಅರ್ಧಕ್ಕೆ ನಿಂತಿದೆ, ಯಾರಿಗಾದ್ರೂ ಹೇಳು" ಎಂದಷ್ಟೇ ಹೇಳಿ ಹೋದ. ಸಕ್ಕರೆ ಕಾರ್ಖಾನೆಯ ಹಿಂದಿನ ಶಿಬಿರದಲ್ಲಿ ಒಂಬತ್ತು ವಾರ ಇದ್ದ. ಜ್ವರ ಎಂದು ಬರೆದ ಕಾಗದ ಕೊಟ್ಟರು. ಸುಣ್ಣ ಹಾಕಿದ ಒಂದೇ ಹಳ್ಳಕ್ಕೆ ಎಲ್ಲರನ್ನೂ ಹಾಕಿದರು. ಆಮೇಲೆ ಅದರ ಮೇಲೆ ಬೀಟ್‌ರೂಟ್ ಬಿತ್ತಿದರು. ಊರಿಗೆಲ್ಲ ಅಳತೆ ಹಿಡಿದು ಗುಂಡಿ ತೋಡಿದವನಿಗೆ ಮೂರಡಿ ನೆಲ ಸಿಗಲಿಲ್ಲ ಅಣ್ಣ.

ಪ್ರತಿ ನವೆಂಬರ್ ಆತ್ಮಗಳ ದಿನ ಊರಿನವರೆಲ್ಲ ತಮ್ಮ ತಮ್ಮ ಗೋರಿಗೆ ಮೇಣದಬತ್ತಿ ಹಚ್ಚುತ್ತಾರೆ. ನಾನು ಅಮ್ಮನದಕ್ಕೆ ಹಚ್ಚಿ ಇನ್ನೊಂದು ಬತ್ತಿ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬರುತ್ತೇನೆ. ಇಪ್ಪತ್ನಾಲ್ಕು ವರ್ಷದಿಂದ.

ಈಗ ಕೇಳು. ಮುಂದಿನ ಮಾರ್ಚಿಗೆ ಜನಮತಕ್ಕೆ ಐವತ್ತು ವರ್ಷ. ಸ್ಮಶಾನದ ಗೋಡೆಗೆ ಒಂದು ಕಲ್ಲು ಹಾಕುತ್ತಾರೆ, ಆಗ ಪೋಲೆಂಡಿನ ಪರ ನಿಂತ ಗ್ರಬಿನಾದವರ ಹೆಸರುಗಳದು. ಲುದ್ವಿಕ್ ಮೇಷ್ಟ್ರು ಪಟ್ಟಿ ಮಾಡುತ್ತಿದ್ದಾರೆ. ಅವರು ಪೋಲೆಂಡಿನ ಪೂರ್ವದ ಭಾಗ ರಷ್ಯಕ್ಕೆ ಹೋದಾಗ ಅಲ್ಲಿಂದ ಓಡಿಸಿದ್ದಕ್ಕೆ ಇಲ್ಲಿಗೆ ಬಂದವರು. ಅವರಪ್ಪನ ಗೋರಿಯೂ ಈಗ ಬೇರೆ ದೇಶದಲ್ಲಿದೆ. ನಮ್ಮಪ್ಪ ಎಲ್ಲಿ ಸತ್ತ ಎಂದು ಅವರಿಗೆ ಗೊತ್ತು, ಕೇಳಲಿಲ್ಲ. "ಕಲ್ಲಿನ ಮೇಲೆ ಹೆಸರು, ಎರಡು ಇಸವಿ. ಅಷ್ಟು ನಾನು ಮಾಡ್ತೀನಿ ರೊಜಾಲಿಯಾ" ಎಂದರು. ಅಪ್ಪ ಪೋಲೆಂಡಿಗೆ ಮತ ಹಾಕಿದ್ದಕ್ಕೆ ನನ್ನ ಹತ್ತಿರವೂ ಪುರಾವೆ ಇದೆ. 1945ರ ಕೊನೆಯಲ್ಲಿ ನಮ್ಮನ್ನು ಮನೆಯಿಂದ ಹೊರಗೆ ಹಾಕಬೇಕೋ ಇಡಬೇಕೋ ಎಂದು ವಿಚಾರಿಸಲು ಬಂದ ಮಂಡಳಿಯವರು ಅದನ್ನು ನೋಡಿಯೇ ನನ್ನನ್ನು ಪೋಲಿಷಳು ಎಂದು ಒಪ್ಪಿ ಮನೆ ಬಿಟ್ಟುಕೊಟ್ಟರು. ಏನು ಪುರಾವೆ ಎಂದು ಬರೆಯುವುದಿಲ್ಲ. ನೀನು ಅದನ್ನೂ ಪುಸ್ತಕಕ್ಕೆ ಹಾಕುತ್ತೀಯ.

ನಿಮ್ಮ ಪುಸ್ತಕಗಳು ಇಲ್ಲಿಗೆ ಬರುವುದಿಲ್ಲ ಎಂದುಕೊಳ್ಳಬೇಡ. ಬಂದೇ ಬರುತ್ತವೆ, ಓದುವ ಕೆಲಸಕ್ಕೆಂದೇ ಜನ ಇದ್ದಾರೆ. ನಿನ್ನ ಪಟ್ಟಿಯಲ್ಲಿ ಅಪ್ಪನ ಹೆಸರು ಬಂದ ದಿನ ಈ ಕಲ್ಲಿನಿಂದ ಅದು ಹೋಗುತ್ತದೆ. ನನಗೆ ಬೇಕಾದದ್ದು ಪೋಲೆಂಡೂ ಅಲ್ಲ, ಜರ್ಮನಿಯೂ ಅಲ್ಲ. ಒಂದು ಬತ್ತಿ ಹಚ್ಚಲು ಜಾಗ. ಅಷ್ಟು ಬಿಟ್ಟುಕೊಡು.

ರೊಜಾಲ್ಕಾ


ಹಿಲ್ಡೆಸ್‌ಹೈಮ್
15 ಸೆಪ್ಟೆಂಬರ್ 1970

ಪ್ರೀತಿಯ ರೊಜಾಲ್ಕಾ,

ಎಡೆಲ್ಟ್ರಾಡ್ ಬಂದು ಹೋದಳು. ಕೋಟಿನ ಹೊಲಿಗೆಯನ್ನು ನಾನೇ ಬಿಚ್ಚಿದೆ.

ಎಷ್ಟೋ ಸಲ ಉತ್ತರ ಬರೆಯಲು ಕೂತು ಎದ್ದೆ. ಲಾರಿಯಲ್ಲಿ ಜಾಗವಿರಲಿಲ್ಲ ಎಂಬುದು ನಿಜ. ಅದನ್ನು ನಿರ್ಧರಿಸಿದವನು ನಾನಲ್ಲ ಎಂಬುದೂ ನಿಜ. ನಾನು ಕೇಳಲಿಲ್ಲ ಎಂಬುದೂ ನಿಜ. ಅಪ್ಪನನ್ನು ಯಾಕೆ ಹಿಡಿದರು ಎಂದು ನೀನು ಬರೆದದ್ದನ್ನು ನಾನು ಒಂದೇ ಸಲ ಓದಿದೆ, ಎರಡನೆಯ ಸಲ ಓದಲು ಆಗಲಿಲ್ಲ.

ಅಪ್ಪನಿಗೆ ನ್ಯಾಯ ಸಿಗುವಂತೆ ಮಾಡುತ್ತೇನೆ. ಹೆಸರಿನ ವಿಷಯದಲ್ಲಿ ಇನ್ನು ನೀನು ಚಿಂತೆ ಮಾಡಬೇಡ. ಚಳಿ ಬರುವ ಮುಂಚೆ ಉಣ್ಣೆಯ ಕಾಲುಚೀಲ ಕಳಿಸುತ್ತೇನೆ, ಕಾಲಿನ ಅಳತೆ ಬರೆ.

ಎವಾಲ್ಡ್


ಗ್ರಬಿನಾ
4 ನವೆಂಬರ್ 1970

ನನ್ನ ಎವಾಲ್ಡಣ್ಣಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. 'ಚಿಂತೆ ಮಾಡಬೇಡ' ಎಂದು ನೀನು ಬರೆದದ್ದನ್ನು ಓದಿ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಒಲೆಯ ಮೇಲಿದ್ದ ಹುಳಿ ಸಾರು ಉಕ್ಕಿ ಹೋಯಿತು. ಹೋಗಲಿ. ಇಷ್ಟು ವರ್ಷ ನಿನ್ನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೆಂದು ನಿನಗೆ ಗೊತ್ತಿಲ್ಲ. ಎಲ್ಲ ವಾಪಸ್ ತೆಗೆದುಕೊಂಡಿದ್ದೇನೆ. ಬೆಕ್ಕಿನ ಮಾತು ಮಾತ್ರ ಬಿಟ್ಟು.

ಕಲ್ಲು ಬಂತು. ಸಮಾರಂಭ ಮಾರ್ಚಿಗೆ, ಆದರೆ ನೆಲ ಹೆಪ್ಪುಗಟ್ಟುವ ಮುಂಚೆ ಗೋಡೆಗೆ ಕೂರಿಸಬೇಕೆಂದು ಈಗಲೇ ಹಾಕಿದರು. ಕೆತ್ತಿದ್ದು ಹ್ಯೂಬರ್ಟ್ ನೊವಾರಾ. ನೆನಪಿದೆಯಲ್ಲ, ಶಾಲೆಯಲ್ಲಿ ನಿನ್ನ ಬೆಂಚಿನಲ್ಲೇ ಕೂತಿದ್ದ, ಸೊಟ್ಟ ಕಿವಿಯವನು. 1947ರಲ್ಲಿ ಸ್ಮಶಾನದ ಜರ್ಮನ್ ಅಕ್ಷರಗಳನ್ನೆಲ್ಲ ಕೆತ್ತಿ ತೆಗೆದವನೂ ಅವನೇ. ಅಮ್ಮನ ಕಲ್ಲಿನ ಮೇಲೆ 'ಇಲ್ಲಿ ವಿಶ್ರಮಿಸುತ್ತಾಳೆ' ಎಂದಿದ್ದನ್ನು ತೆಗೆಯುವಾಗ ನನ್ನ ಮುಖ ನೋಡಲಾರದೆ ಟೋಪಿ ಎಳೆದುಕೊಂಡಿದ್ದ. ಈ ಸಲ ತಾನಾಗಿ ಮನೆಗೆ ಬಂದು, ಅಪ್ಪನ ಹೆಸರು ಕೊನೆಯಲ್ಲಿ ಬೇಡ, ಮೂರನೆಯದಾಗಿ ಹಾಕುತ್ತೇನೆ, ಅಲ್ಲಿ ಕಲ್ಲು ಗಟ್ಟಿ ಇದೆ ಎಂದು ಹೇಳಿ ಹೋದ. ಪೋಲಿಷ್ ಬರವಣಿಗೆಯಲ್ಲಿ ವಾಲೆಂಟಿ ಕಂಜೋರ, 1886–1945. ಏಳು ಹೆಸರುಗಳಲ್ಲಿ ಮೂರನೆಯದು.

ಮೊನ್ನೆ ಆತ್ಮಗಳ ದಿನ ಅಮ್ಮನಿಗೆ ಹಚ್ಚಿದೆ. ಆಮೇಲೆ ಎರಡನೆಯ ಬತ್ತಿಯನ್ನು ಗೋಡೆಯ ಹತ್ತಿರ ತೆಗೆದುಕೊಂಡು ಹೋದೆ. ಗಾಳಿಗೆ ಎರಡು ಸಲ ಆರಿತು. ಮೂರನೆಯ ಸಲ ಲುದ್ವಿಕ್ ಮೇಷ್ಟ್ರು ಬಂದು ತಮ್ಮ ಹ್ಯಾಟು ಅಡ್ಡ ಹಿಡಿದರು. ನಿಂತಿತು. ಕೈ ಖಾಲಿ ಮಾಡಿಕೊಂಡು ಮನೆಗೆ ಬಂದೆ. ಆ ದಿನ ಖಾಲಿ ಕೈಯಲ್ಲಿ ಬರುವುದೆಂದರೆ ಹೇಗಿರುತ್ತದೆಂದು ಮರೆತೇ ಹೋಗಿತ್ತು.

ಕಾಲಿನ ಅಳತೆ ಮೂವತ್ತೆಂಟು. ಗಸಗಸೆ ಕೇಕು ಕಳಿಸಬೇಕೆಂದು ಆಸೆ, ಗಡಿಯಲ್ಲಿ ಚುಚ್ಚಿ ಚುಚ್ಚಿ ನೋಡಿ ಪುಡಿ ಮಾಡುತ್ತಾರೆ. ನೀನೇ ಒಮ್ಮೆ ಬಾ. ಬಂದರೆ ಅಪ್ಪನ ಹೆಸರು ತೋರಿಸುತ್ತೇನೆ.

ನಿನ್ನ ರೊಜಾಲ್ಕಾ


ಹಿಲ್ಡೆಸ್‌ಹೈಮ್
3 ಮಾರ್ಚ್ 1971

ಪ್ರೀತಿಯ ತಂಗಿ,

ಕಾಫಿ, ಕಾಲುಚೀಲಗಳ ಜೊತೆ ಈ ಪೊಟ್ಟಣದಲ್ಲಿ ಒಂದು ಪುಸ್ತಕವಿದೆ. ಹೊದಿಕೆಯ ಮೇಲೆ ಅಡುಗೆ ಪುಸ್ತಕದ ರಟ್ಟು ಸುತ್ತಿದ್ದೇನೆ, ಬಿಚ್ಚಿ ನೋಡು. 'ರೋಸ್ನಿಟ್ಸ್ ಜಿಲ್ಲೆ: 1743–1945', 412 ಪುಟ. ಕಳೆದ ಭಾನುವಾರ ಸಭಾಭವನದಲ್ಲಿ ಬಿಡುಗಡೆಯಾಯಿತು. ಮುದುಕರೆಲ್ಲ ತಮ್ಮ ತಮ್ಮ ಊರಿನ ಪುಟ ತೆಗೆದು ಬೆರಳಿಟ್ಟು ಓದುತ್ತಾ ಅಳುತ್ತಿದ್ದರು. ಎರಡು ವರ್ಷದ ದುಡಿಮೆ ಸಾರ್ಥಕವಾಯಿತು.

ನಾನು ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ಅಪ್ಪನಿಗೆ ನ್ಯಾಯ ಸಿಕ್ಕಿದೆ. ಮೊದಲು ಬರಿಯ ಹೆಸರು ಹಾಕುವವನಿದ್ದೆ. ನಿನ್ನ ಜೂನ್ ಕಾಗದ ಓದಿದ ಮೇಲೆ ಅದು ಸಾಲದು ಅನ್ನಿಸಿತು. 340ನೆಯ ಪುಟದಲ್ಲಿ ಪೂರ್ತಿ ಒಂದು ಪ್ಯಾರಾ ಇದೆ: ಜರ್ಮನಿಗೆ ನಿಷ್ಠನಾಗಿದ್ದ ಒಂದೇ ಕಾರಣಕ್ಕೆ ಶಿಬಿರದಲ್ಲಿ ಪ್ರಾಣ ಬಿಟ್ಟ ಗ್ರಬಿನಾದ ಗಂಟೆಯವನು. ನಿನ್ನ ಹೆಸರು ಎಲ್ಲೂ ಬಂದಿಲ್ಲ, ಹೆದರಬೇಡ. ಗೋಡೆಯ ಕಲ್ಲಿನ ಬಗ್ಗೆ ನೀನು ಬರೆದದ್ದು ಅರ್ಥವಾಗುತ್ತದೆ. ಆದರೆ ಸುಳ್ಳಿನ ಕಲ್ಲಿಗೆ ಹಚ್ಚುವ ಬತ್ತಿಗಿಂತ ಸತ್ಯದ ಒಂದು ಸಾಲು ದೊಡ್ಡದು ಎಂದು ಮುಂದೆ ನೀನೇ ಒಪ್ಪುತ್ತೀಯ.

ಸತ್ಯ ಎಂದು ಧೈರ್ಯವಾಗಿ ಹೇಳುತ್ತಿದ್ದೇನೆ. ಪುರಾವೆಯ ಫೋಟೋ 213ನೆಯ ಪುಟದಲ್ಲಿದೆ. ಜನಮತದ ದಿನ ಪ್ರತಿಯೊಬ್ಬರಿಗೂ ಎರಡು ಚೀಟಿ, ಒಂದು ಲಕೋಟೆ ಕೊಡುತ್ತಿದ್ದರಲ್ಲ, ಒಂದರಲ್ಲಿ 'ಜರ್ಮನಿ', ಇನ್ನೊಂದರಲ್ಲಿ 'ಪೋಲೆಂಡ್'. ಬೇಕಾದ್ದನ್ನು ಲಕೋಟೆಗೆ ಹಾಕಿ, ಬೇಡದ್ದನ್ನು ಹರಿದು ಹಾಕಬೇಕಿತ್ತು. ಎಷ್ಟೋ ಜನ ಹರಿಯದೆ ಜೇಬಿನಲ್ಲಿಟ್ಟುಕೊಂಡು ಬಂದರು. 1938ರಲ್ಲಿ ನನಗೆ ಹಿರಿಯ ಗುಮಾಸ್ತನ ಕುರ್ಚಿ ಸಿಗಬೇಕಾದರೆ ಎರಡು ಆಗಬೇಕು ಎಂದರು. ಹೆಸರು ಜರ್ಮನ್ ಆಗಬೇಕು, ತಂದೆ 1921ರಲ್ಲಿ ಏನು ಮಾಡಿದ ಎಂದು ತೋರಿಸಬೇಕು. ಅಪ್ಪನ ಮುಂದೆ ನಿಂತು ಕೇಳಿದೆ. ಅವನು ಎದ್ದು ಹೋಗಿ ಕೈಯ ಮಣ್ಣು ತೊಳೆದು ಬಂದ. ಆಮೇಲೆ ಗೋಡೆಯ ಸಂತ ಆನ್ನಳ ಪಟ ಇಳಿಸಿ, ನನಗೆ ಬೆನ್ನು ಮಾಡಿ ಅದರ ಹಿಂಬದಿಯ ರಟ್ಟು ಸರಿಸಿ, ಒಂದು ಚೀಟಿ ತೆಗೆದುಕೊಟ್ಟ. 'ಪೋಲೆಂಡ್' ಚೀಟಿ. ಅದು ಮನೆಯಲ್ಲಿ ಉಳಿದಿದೆ ಎಂದರೆ ಲಕೋಟೆಗೆ ಹೋದದ್ದು 'ಜರ್ಮನಿ' ಎಂದಾಯಿತಲ್ಲ. "ತಗೊಂಡು ಹೋಗು. ಇದೂ ಸಾಲದು ಅಂತ ಇನ್ನೊಂದು ಸಲ ನನ್ನ ಮುಂದೆ ನಿಲ್ಲಬೇಡ" ಎಂದ. ಕಚೇರಿಯವರು ಚೀಟಿಯ ಬೆನ್ನಿಗೆ ಮುದ್ರೆ ಹಾಕಿ ಒಪ್ಪಿಕೊಂಡರು. ಲಾರಿಯಲ್ಲಿ ನಾನು ನನ್ನದೆಂದು ತಂದದ್ದು ಅದೊಂದನ್ನೇ.

ಓದಿ ನಿನಗೆ ಹೇಗನ್ನಿಸಿತು ಬರೆ.

ಎವಾಲ್ಡ್


ಹಿಲ್ಡೆಸ್‌ಹೈಮ್
10 ಜುಲೈ 1971

ಪ್ರೀತಿಯ ರೊಜಾಲ್ಕಾ,

ನಾಲ್ಕು ತಿಂಗಳಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ಕಾಫಿ ತಲುಪಿತೇ? ಕಾಲುಚೀಲ ಸರಿಹೋಯಿತೇ? ಕೋಪವಿದ್ದರೆ ಬೈದಾದರೂ ಬರೆ.

ಎವಾಲ್ಡ್


ಗ್ರಬಿನಾ
3 ನವೆಂಬರ್ 1971

ಶ್ರೀ ಎವಾಲ್ಡ್ ಕಾಂಡ್ಲರ್ ಅವರಿಗೆ,

ಇದನ್ನು ಟಪಾಲಿಗೇ ಹಾಕುತ್ತಿದ್ದೇನೆ. ಯಾರು ಬೇಕಾದರೂ ಬಿಚ್ಚಿ ಓದಲಿ. ಕಳೆದುಕೊಳ್ಳುವುದು ಇದ್ದಾಗ ಹೆದರಿಕೆ, ಈಗ ಏನಿದೆ?

ಕಾಫಿ ತಲುಪಿತು. ನನಗಲ್ಲ. ಕಾಲುಚೀಲಗಳನ್ನು ಮಾತ್ರ ಕೊಟ್ಟರು. ನಿನ್ನ ಕಾಗದವನ್ನು ಮೂವರು ಓದಿಯಾದ ಮೇಲೆ ನಾಲ್ಕನೆಯವಳಾಗಿ ನಾನು ಓದಿದೆ, ಪಟ್ಟಣದ ಒಂದು ಕಚೇರಿಯಲ್ಲಿ, ಏಪ್ರಿಲ್ ಏಳರಂದು. ಮೇಜಿನ ಮೇಲೆ ನಿನ್ನ ಪುಸ್ತಕ ಇತ್ತು, ಅಡುಗೆ ಪುಸ್ತಕದ ರಟ್ಟು ಪಕ್ಕದಲ್ಲಿ ಬಿದ್ದಿತ್ತು. ಕಚೇರಿಯವನು ವಯಸ್ಸಿನಲ್ಲಿ ಸಣ್ಣವನು, ಮರ್ಯಾದೆಯಿಂದಲೇ ಮಾತಾಡಿದ. ಮೊದಲು 340ನೆಯ ಪುಟ ತೆಗೆದ. "ಅಮ್ಮಾ, ನಿಮ್ಮ ತಂದೆ ಆ ಕಲ್ಲಿನ ಮೇಲೂ ಇದಾರೆ, ಈ ಪುಸ್ತಕದಲ್ಲೂ ಇದಾರೆ. ಎರಡು ಕಡೆ ಇರೋಕೆ ಆಗಲ್ಲ ಅಲ್ವಾ?" ಎಂದ. ಆಮೇಲೆ 213ನೆಯ ಪುಟ ತಿರುವಿ ಚೀಟಿಯ ಫೋಟೋ ತೋರಿಸಿದ.

ನಾನು ಬಾಯಿ ಬಿಡಲಿಲ್ಲ. ಉತ್ತರ ಇಲ್ಲ ಎಂದಲ್ಲ. ಅಂಥದೇ ಚೀಟಿ, ಅದೇ ಅಳತೆ, ಅದೇ ಹಳದಿ ಕಾಗದ, ನನ್ನ ಹತ್ತಿರವೂ ಇದೆ. ನನ್ನದರಲ್ಲಿ 'ಜರ್ಮನಿ' ಎಂದಿದೆ.

ಅಪ್ಪ ಸತ್ತ ಸುದ್ದಿ ಬಂದ ವಾರ ಸಂತ ಆನ್ನಳ ಪಟ ಒರೆಸುವಾಗ ರಟ್ಟಿನ ಹಿಂದೆ ಸಿಕ್ಕಿತು. ನಿನ್ನ ತರಹವೇ ನಾನೂ ಯೋಚಿಸಿದೆ. 'ಜರ್ಮನಿ' ಮನೆಯಲ್ಲಿ ಉಳಿದಿದೆ ಎಂದರೆ ಲಕೋಟೆಗೆ ಹೋದದ್ದು 'ಪೋಲೆಂಡ್'. ಮಂಡಳಿಯವರಿಗೆ ತೋರಿಸಿದೆ. ಅವರೂ ಬೆನ್ನಿಗೆ ಮುದ್ರೆ ಹಾಕಿ ಒಪ್ಪಿಕೊಂಡರು. ನೀನು ಒಂದು ಚೀಟಿಗೆ ಕುರ್ಚಿ ತೆಗೆದುಕೊಂಡೆ, ನಾನು ಇನ್ನೊಂದಕ್ಕೆ ಮನೆ ಉಳಿಸಿಕೊಂಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಇಬ್ಬರೂ ಎಳೆದದ್ದು ಅಪ್ಪನನ್ನೇ.

ಕೊಟ್ಟದ್ದು ಎರಡು ಚೀಟಿ. ಎರಡೂ ಸಂತ ಆನ್ನಳ ಬೆನ್ನ ಹಿಂದೆ ಇದ್ದವು. ಹಾಗಾದರೆ ಲಕೋಟೆಯಲ್ಲಿ ಏನಿತ್ತು ಎವಾಲ್ಡ್?

ಆ ಕಚೇರಿಯಿಂದ ಬಸ್ಸಿನಲ್ಲಿ ಬರುವಾಗ ಕುಲಿಕ್‌ನ ಕೇಕು ನೆನಪಾಯಿತು. ಹದಿಮೂರು ಈಸ್ಟರ್, ಹದಿಮೂರು ತಟ್ಟೆ. ಊರೆಲ್ಲ 'ಖಾಲಿ ಲಕೋಟೆ' ಎಂದು ಅವನ ಹಿಂದೆ ಕೂಗುವಾಗ ಅಪ್ಪ ಒಂದು ದಿನವೂ ನಗಲಿಲ್ಲ, ಅದು ನನಗೆ ಈಗ ಹೊಳೆಯಿತು. ಆದರೆ ಒಂದು ದಿನವೂ ಬಾಯಿ ಬಿಟ್ಟು 'ಅದು ನಾನು' ಎಂದು ಹೇಳಲೂ ಇಲ್ಲ. ಹೇಳಿದ್ದರೆ ಎರಡೂ ಕಡೆಯವರು ಸೇರಿ ಮೂಳೆ ಮುರಿಯುತ್ತಿದ್ದರು. ಅಪ್ಪನ ಮೇಲೂ ನನಗೆ ಸಿಟ್ಟಿದೆ. ಒಬ್ಬ ಕುಡುಕನ ತಲೆಗೆ ಕಟ್ಟಿ, ಬೆಣ್ಣೆ ಹಚ್ಚಿದ ಕೇಕು ಕೊಟ್ಟು ತಣ್ಣಗೆ ಕೂತ. ಕುಲಿಕ್ ಸತ್ತಾಗ ಅವನ ಗುಂಡಿಯನ್ನು ಒಬ್ಬನೇ ತೋಡಿದ, ಯಾರನ್ನೂ ಸಹಾಯಕ್ಕೆ ಸೇರಿಸಲಿಲ್ಲ. ಅಲ್ಲಿ ಏನಾದರೂ ಹೇಳಿಕೊಂಡನೋ ಏನೋ.

ಮೇ ತಿಂಗಳಲ್ಲಿ ಹ್ಯೂಬರ್ಟ್ ನೊವಾರಾ ಉಳಿ ಹಿಡಿದು ಗೋಡೆಯ ಹತ್ತಿರ ಬಂದ. ಅವನನ್ನೇ ಕಳಿಸಿದ್ದರು, ಊರಲ್ಲಿ ಬೇರೆ ಕಲ್ಲುಕುಟಿಗ ಎಲ್ಲಿದ್ದಾನೆ. ನಾನು ಪಕ್ಕದಲ್ಲೇ ನಿಂತಿದ್ದೆ. ಈ ಸಲ ಟೋಪಿ ಎಳೆದುಕೊಳ್ಳಲಿಲ್ಲ, ನನ್ನನ್ನು ನೋಡಿಯೇ ಹೇಳಿದ: "ಗಟ್ಟಿ ಜಾಗ ಅಂತ ನಾನೇ ಆರಿಸಿದ್ದೆ ರೊಜಾಲ್ಕಾ. ಈಗ ತೆಗೆಯೋಕೂ ಕಷ್ಟ." ಅರ್ಧ ದಿನ ಹಿಡಿಯಿತು. ಆ ಪಟ್ಟಿ ಮಾಡಿದ್ದಕ್ಕೆ ಲುದ್ವಿಕ್ ಮೇಷ್ಟ್ರನ್ನು ಶಾಲೆಯ ಕೆಲಸದಿಂದ ತೆಗೆದರು. ಅವರು ಈಗಲೂ ಹ್ಯಾಟು ತೆಗೆದು ನಮಸ್ಕಾರ ಹೇಳುತ್ತಾರೆ, ಮಾತಿಗೆ ನಿಲ್ಲುವುದಿಲ್ಲ. ನಿನ್ನ ಸತ್ಯದ ಒಂದು ಸಾಲಿಗೆ ಆದ ಖರ್ಚು ಇಷ್ಟು.

ನಿನ್ನೆ ಆತ್ಮಗಳ ದಿನ. ಅಮ್ಮನಿಗೆ ಹಚ್ಚಿದೆ. ಎರಡನೆಯ ಬತ್ತಿ ಹಿಡಿದು ಗೋಡೆಯ ತನಕ ಹೋದೆ. ಎರಡನೆಯ ಹೆಸರಿಗೂ ನಾಲ್ಕನೆಯ ಹೆಸರಿಗೂ ನಡುವೆ ಅಂಗೈಯಷ್ಟು ತಗ್ಗಿದೆ, ನೀರು ನಿಂತಿತ್ತು. ಅಲ್ಲಿ ಹಚ್ಚಲು ಮನಸ್ಸಾಗಲಿಲ್ಲ. ಅದೂ ಅಪ್ಪನ ಜಾಗವಾಗಿರಲಿಲ್ಲ ನೋಡು. ನಾನು ಕೇಳಿ ಪಡೆದ ಜಾಗ ಅದು. ಬತ್ತಿಯನ್ನು ಮನೆಗೇ ತಂದೆ.

ನನ್ನ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ದಾರಿಯಲ್ಲಿ ಯಾರೂ ಎತ್ತಿಕೊಳ್ಳದಿದ್ದರೆ ನಿನ್ನದರ ಪಕ್ಕದಲ್ಲಿಟ್ಟು ನೋಡು. ಎರಡಕ್ಕೂ ಬೆನ್ನಿಗೆ ಸರ್ಕಾರದ ಮುದ್ರೆ ಇದೆ, ಎರಡೂ ಸುಳ್ಳು.

ನಿನ್ನ ಸಮಿತಿಯವರಿಗೆ ತೋರಿಸುತ್ತೀಯೋ ಒಲೆಗೆ ಹಾಕುತ್ತೀಯೋ ನಿನಗೆ ಬಿಟ್ಟದ್ದು. ತೋರಿಸಿದರೆ 340ನೆಯ ಪುಟದ ಮೇಲೆ ಬಿಳಿ ಕಾಗದ ಅಂಟಿಸುತ್ತಾರೆ. ಅಂಟಿಸಲಿ, ಅದಕ್ಕೆ ನನಗೆ ಬೇಜಾರಿಲ್ಲ. ಆದರೆ ಆ ಕಚೇರಿಯವನು ಪುಟ ತಿರುವುವಾಗ ನಡುವೆ 209ನೆಯ ಪುಟವನ್ನೂ ನಾನು ನೋಡಿದೆ. ಗ್ರಬಿನಾ: ಜರ್ಮನಿಗೆ 231, ಪೋಲೆಂಡಿಗೆ 224, ಅಸಿಂಧು 1. ಕೆಳಗೆ ಕುಲಿಕ್‌ನ ತಮಾಷೆ ಬರೆದಿದ್ದೀಯ, ಅದನ್ನು ಹೊಡೆದು ಹಾಕು.

ಆ ಒಂದನ್ನು ಮಾತ್ರ ಮುಟ್ಟಬೇಡ. ಅಪ್ಪ ತಾನಾಗಿ ಬರೆಸಿಕೊಂಡದ್ದು ಅದೊಂದೇ.

ರೊಜಾಲಿಯಾ
ಕಂಜೋರನ ಮಗಳು